ನಿರಾಶ್ರಿತನ ಮಗಳು, ಬಿಗಿ ಕಾಯ್ದೆಯ ನಾಯಕಿ: ಡಚ್ ರಾಜಕಾರಣದ ಯೆಶಿಲ್ಗೋಜ್ ಒಗಟು

ನೆದರ್ಲೆಂಡ್ಸ್‌ನಲ್ಲಿ 2026ರ ಫೆಬ್ರುವರಿಯಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ರಾಬ್ ಯೆಟನ್ ಅವರ ಸರ್ಕಾರದಲ್ಲಿ ರಕ್ಷಣಾ ಖಾತೆ ದಿಲಾನ್ ಯೆಶಿಲ್ಗೋಜ್ ಅವರ ಪಾಲಾಯಿತು. ಟರ್ಕಿಯ ಅಂಕಾರಾದಲ್ಲಿ ಹುಟ್ಟಿ, ಏಳನೇ ವಯಸ್ಸಿನಲ್ಲಿ ತಾಯಿಯ ಜತೆ ಊರು ಬಿಟ್ಟು ಬಂದವರು ಈಗ ಆ ದೇಶದ ಸೇನೆಯ ಹೊಣೆ ಹೊತ್ತಿದ್ದಾರೆ. ಇಷ್ಟನ್ನೇ ಓದಿದವರಿಗೆ ಸಂತೋಷವಾಗುತ್ತದೆ. ಮುಂದಕ್ಕೆ ಓದಿದರೆ ಗೊಂದಲ ಶುರುವಾಗುತ್ತದೆ. ಆಶ್ರಯ ಕೇಳಿ ಬರುವವರ ಸಂಖ್ಯೆ ಇಳಿಯಲೇಬೇಕು ಎಂದು ಪಟ್ಟು ಹಿಡಿದಿರುವ ವಿವಿಡಿ ಪಕ್ಷಕ್ಕೆ ಇವರೇ ನಾಯಕಿ. 2023ರಲ್ಲಿ ಇದೇ ಪಕ್ಷದ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರ ಬಿದ್ದದ್ದು ನಿರಾಶ್ರಿತರ ಹೆಂಡತಿ, ಮಕ್ಕಳು ಬಂದು ಸೇರಿಕೊಳ್ಳುವ ಹಕ್ಕನ್ನು ಮೊಟಕುಗೊಳಿಸುವ ಜಗಳದಲ್ಲಿ. ಯೆಶಿಲ್ಗೋಜ್ ಆ ನೆಲಕ್ಕೆ ಕಾಲಿಟ್ಟದ್ದು ಅದೇ ಹಕ್ಕಿನ ಬಲದಿಂದ.

ಹಾಗಾದರೆ ಇವರು ಹತ್ತಿದ ಏಣಿಯನ್ನೇ ಒದೆಯುತ್ತಿದ್ದಾರೆಯೇ? ಟೀಕಾಕಾರರ ಉತ್ತರ ಹೌದು. ಬೆಂಬಲಿಗರ ಉತ್ತರ ಇಲ್ಲ. ಎರಡೂ ಕಡೆಯವರು ಅವರ ಬಾಲ್ಯವನ್ನೇ ಮುಂದೆ ಮಾಡುತ್ತಾರೆ. ನಿಜವಾದ ಉತ್ತರ ಸಿಗಬೇಕಾದರೆ ಬಾಲ್ಯದ ಕಥೆಯ ಪಕ್ಕದಲ್ಲಿ ಕಾಯ್ದೆಯ ಪಠ್ಯವನ್ನು ಇಟ್ಟು ನೋಡಬೇಕು.

ಅಂಕಾರಾದಿಂದ ಆಮರ್ಸ್‌ಫೋರ್ಟ್‌ಗೆ

1980ರ ಸೆಪ್ಟೆಂಬರ್ 12ರಂದು ಟರ್ಕಿಯಲ್ಲಿ ಜನರಲ್ ಕೆನಾನ್ ಎವ್ರೆನ್ ನೇತೃತ್ವದ ಸೇನೆ ಅಧಿಕಾರ ಕಸಿದುಕೊಂಡಿತು. ಸಂಸತ್ತು ವಿಸರ್ಜನೆಯಾಯಿತು, ಪಕ್ಷಗಳು ಬಾಗಿಲು ಹಾಕಿದವು, ಕಾರ್ಮಿಕ ಸಂಘಟನೆಗಳ ಮುಖಂಡರು ಜೈಲು ಸೇರಿದರು. ಎಡಪಂಥೀಯರು ಮತ್ತು ಕುರ್ದಿಶ್ ಹೋರಾಟಗಾರರ ಮೇಲೆ ಪೆಟ್ಟು ಜೋರಾಗಿಯೇ ಬಿತ್ತು. ದಿಲಾನ್ ಅವರ ತಂದೆ ಯೂಜೆಲ್ ಯೆಶಿಲ್ಗೋಜ್ ಈ ಎರಡೂ ಗುಂಪಿಗೆ ಸೇರಿದವರು: ಕುರ್ದಿಶ್ ಮೂಲದ ಮಾನವ ಹಕ್ಕು ಹೋರಾಟಗಾರ. ಅವರು ತಪ್ಪಿಸಿಕೊಂಡು ನೆದರ್ಲೆಂಡ್ಸ್‌ಗೆ ಬಂದು ಆಶ್ರಯ ಪಡೆದರು. 1984ರಲ್ಲಿ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಗ್ರೀಸ್‌ನ ಕೊಸ್ ದ್ವೀಪಕ್ಕೆ ದಾಟಿ, ಅಲ್ಲಿಂದ ಗಂಡನನ್ನು ಸೇರಿಕೊಂಡರು. ಕುಟುಂಬ ನೆಲೆಯೂರಿದ್ದು ದೇಶದ ನಡುಭಾಗದ ಆಮರ್ಸ್‌ಫೋರ್ಟ್ ಎಂಬ ಊರಿನಲ್ಲಿ.

ದಿಲಾನ್ ಆಮ್‌ಸ್ಟರ್‌ಡ್ಯಾಮ್‌ನ ಫ್ರೇಯ ವಿಶ್ವವಿದ್ಯಾಲಯದಲ್ಲಿ ಓದಿದರು. ಎಳೆಯ ವಯಸ್ಸಿನಲ್ಲಿ ಅವರ ಒಲವು ಎಡಪಕ್ಷಗಳ ಕಡೆಗಿತ್ತು. ಬಳಿಕ ಉದ್ಯಮಸ್ನೇಹಿ, ಕಡಿಮೆ ತೆರಿಗೆ, ಕಾನೂನು ಸುವ್ಯವಸ್ಥೆ ಎನ್ನುವ ಬಲಪಂಥೀಯ ಉದಾರವಾದಿ ವಿವಿಡಿಗೆ ಬಂದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಸಭೆ, 2017ರಲ್ಲಿ ಸಂಸತ್ತು, 2021ರಲ್ಲಿ ರಾಜ್ಯ ಸಚಿವೆ ಸ್ಥಾನ, 2022ರ ಜನವರಿಯಲ್ಲಿ ನ್ಯಾಯ ಮತ್ತು ಭದ್ರತಾ ಖಾತೆ, 2023ರ ಆಗಸ್ಟ್‌ನಲ್ಲಿ ಪಕ್ಷದ ನಾಯಕತ್ವ. ವಿವಿಡಿಯನ್ನು ಮುನ್ನಡೆಸಿದ ಮೊದಲ ಮಹಿಳೆ ಅವರು.

ಅವರ ಹೆಸರು ಬೆಳೆದದ್ದು ಮೊದಲಿಗೆ ವಲಸೆಯ ವಿಷಯದಿಂದ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ರೋಟರ್‌ಡ್ಯಾಮ್ ಬಂದರಿನ ಮೂಲಕ ಯುರೋಪಿಗೆ ಕೊಕೇನ್ ಸಾಗಿಸುವ ಮಾಫಿಯಾ, 2021ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್ ನಡುಬೀದಿಯಲ್ಲಿ ಗುಂಡೇಟಿಗೆ ಬಲಿಯಾದ ಅಪರಾಧ ವರದಿಗಾರ ಪೀಟರ್ ಡಿ ಫ್ರೀಸ್ ಪ್ರಕರಣ, ಇವುಗಳ ನೆರಳಿನಲ್ಲಿ ಅವರು ನ್ಯಾಯ ಸಚಿವೆಯಾದರು. ಆಶ್ರಯ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದವರು ಅದೇ ಸಚಿವಾಲಯದ ರಾಜ್ಯ ಸಚಿವ, ಅದೇ ಪಕ್ಷದ ಎರಿಕ್ ಫನ್ ಡೆರ್ ಬುರ್ಗ್. ನಾಯಕಿಯಾದ ಮೇಲೆಯೇ ವಲಸೆ ಯೆಶಿಲ್ಗೋಜ್ ಅವರ ಮುಖ್ಯ ವಿಷಯವಾದದ್ದು.

ಇದೇ ಪಕ್ಷ, 20 ವರ್ಷದ ಹಿಂದೆ

ನಿರಾಶ್ರಿತ ಹಿನ್ನೆಲೆಯ ಮಹಿಳೆಯೊಬ್ಬರು ವಿವಿಡಿಯಲ್ಲಿ ಇಷ್ಟು ಎತ್ತರಕ್ಕೆ ಕಾಣಿಸಿಕೊಂಡದ್ದು ಇದೇ ಮೊದಲಲ್ಲ. ಸೊಮಾಲಿಯಾದಲ್ಲಿ ಹುಟ್ಟಿ 1992ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಪಡೆದ ಅಯಾನ್ ಹಿರ್ಸಿ ಅಲಿ 2003ರಲ್ಲಿ ವಿವಿಡಿಯ ಸಂಸದೆಯಾದರು. ಆಶ್ರಯ ಅರ್ಜಿಯಲ್ಲಿ ಬೇರೆ ಹೆಸರು ಕೊಟ್ಟಿದ್ದರು ಎಂಬ ವಿಚಾರ 2006ರಲ್ಲಿ ದೊಡ್ಡದಾದಾಗ, ಆಗಿನ ವಲಸೆ ಸಚಿವೆ ರೀಟಾ ಫರ್ಡೊಂಕ್ ಅವರು ಹಿರ್ಸಿ ಅಲಿ ಅವರ ಪೌರತ್ವವೇ ಸಿಂಧುವಲ್ಲ ಎಂಬ ನಿಲುವು ತಳೆದರು. ಫರ್ಡೊಂಕ್ ಕೂಡ ವಿವಿಡಿಯವರೇ. ಗದ್ದಲ ಎಷ್ಟಾಯಿತೆಂದರೆ ಮೈತ್ರಿಕೂಟದಲ್ಲಿದ್ದ ಉದಾರವಾದಿ ಡಿ-66 ಪಕ್ಷ ಬೆಂಬಲ ಹಿಂದಕ್ಕೆ ಪಡೆದು ಸರ್ಕಾರವೇ ಬಿತ್ತು.

ಈ ಹಳೆಯ ಪ್ರಕರಣದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಿರಾಶ್ರಿತ ಹಿನ್ನೆಲೆಯ ಪ್ರತಿಭೆಯನ್ನು ಮುಂದೆ ತರುವುದು ಮತ್ತು ಆಶ್ರಯದ ನಿಯಮವನ್ನು ಬಿಗಿ ಮಾಡುವುದು, ಈ ಎರಡನ್ನೂ ವಿವಿಡಿ ಬಹಳ ಕಾಲದಿಂದ ಒಟ್ಟೊಟ್ಟಿಗೆ ಮಾಡುತ್ತ ಬಂದಿದೆ. ಆ ಪಕ್ಷದ ಲೆಕ್ಕದಲ್ಲಿ ಇವೆರಡೂ ಪರಸ್ಪರ ವಿರುದ್ಧವಲ್ಲ. ಬಂದವರು ದುಡಿದು ಮೇಲೆ ಬರಬೇಕು, ಬರುವವರ ಸಂಖ್ಯೆ ಹಿಡಿತದಲ್ಲಿರಬೇಕು ಎಂಬುದು ಅದರ ಸೂತ್ರ. ಯೆಶಿಲ್ಗೋಜ್ ಆ ಸೂತ್ರದ ಜೀವಂತ ನಿದರ್ಶನವಾಗಿ ಕಾಣಿಸುವುದರಿಂದಲೇ ಪಕ್ಷಕ್ಕೆ ಅವರಿಂದ ಅನುಕೂಲ. ನಿರಾಶ್ರಿತರ ಮೇಲೆ ದ್ವೇಷವಿದೆ ಎಂಬ ಆರೋಪ ಬಂದಾಗ ನಾಯಕಿಯ ಹುಟ್ಟೂರೇ ಉತ್ತರವಾಗಿ ನಿಲ್ಲುತ್ತದೆ.

ಜಗಳದ ಬೇರು ಮನೆಯ ಕೊರತೆಯಲ್ಲಿ

ಸುಮಾರು 1.8 ಕೋಟಿ ಜನಸಂಖ್ಯೆಯ ಈ ದೇಶದಲ್ಲಿ 2023ರಲ್ಲಿ ಮೊದಲ ಬಾರಿ ಆಶ್ರಯ ಕೇಳಿದವರು 38 ಸಾವಿರಕ್ಕೂ ಹೆಚ್ಚು. ಕುಟುಂಬ ಸೇರ್ಪಡೆಯಡಿ ಬಂದವರು ಸುಮಾರು 10 ಸಾವಿರ. ಅದೇ ವರ್ಷ ಓದು, ಉದ್ಯೋಗ, ಮದುವೆ ಎಲ್ಲ ಸೇರಿ ದೇಶದೊಳಗೆ ಬಂದವರ ಒಟ್ಟು ಸಂಖ್ಯೆ 3 ಲಕ್ಷ ದಾಟುತ್ತದೆ. ಅಂದರೆ ಆಶ್ರಯದ ಪಾಲು ಒಟ್ಟು ವಲಸೆಯಲ್ಲಿ ಸಣ್ಣದು. ಆದರೂ ಸರ್ಕಾರಗಳು ಬೀಳುವುದು ಈ ಸಣ್ಣ ಪಾಲಿನ ಮೇಲೆ. ಯಾಕೆ?

ಸರಪಳಿ ಹೀಗೆ ಬೆಳೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸುಮಾರು 4 ಲಕ್ಷ ಮನೆಗಳ ಕೊರತೆಯಿದೆ. ಆಶ್ರಯ ಮಂಜೂರಾದವರಿಗೆ ಮನೆ ಹುಡುಕಿ ಕೊಡುವ ಹೊಣೆ ಸ್ಥಳೀಯ ಆಡಳಿತದ್ದು. ಮನೆಯೇ ಇಲ್ಲದಿದ್ದರೆ ಅರ್ಜಿ ಪಾಸಾದವರೂ ಆಶ್ರಯ ಕೇಂದ್ರದಲ್ಲೇ ಉಳಿದುಬಿಡುತ್ತಾರೆ. ಕೇಂದ್ರ ಖಾಲಿಯಾಗದಿದ್ದರೆ ಹೊಸದಾಗಿ ಬಂದವರಿಗೆ ಜಾಗವಿಲ್ಲ. ಎಲ್ಲರೂ ಮೊದಲು ಹೆಸರು ನೋಂದಾಯಿಸಬೇಕಾದ ಕೇಂದ್ರ ಇರುವುದು ಜರ್ಮನಿ ಗಡಿಯ ಹತ್ತಿರ, ಟೆರ್ ಆಪೆಲ್ ಎಂಬ ಸಣ್ಣ ಊರಿನಲ್ಲಿ. 2022ರ ಬೇಸಿಗೆಯಲ್ಲಿ ಅಲ್ಲಿ ನೂರಾರು ಮಂದಿ ಗೇಟಿನ ಹೊರಗೆ ಹುಲ್ಲಿನ ಮೇಲೆ ಮಲಗಿದರು. ಆಗಸ್ಟ್‌ನಲ್ಲಿ ಕೇಂದ್ರದ ಕ್ರೀಡಾ ಸಭಾಂಗಣದಲ್ಲಿ ಮೂರು ತಿಂಗಳ ಹಸುಗೂಸು ಸತ್ತಿತು. ಯುದ್ಧಪೀಡಿತ ದೇಶಗಳಲ್ಲಿ ದುಡಿಯುವ ‘ಮೆಡಿಸಿನ್ಸ್ ಸಾನ್ಸ್ ಫ್ರಾಂಟಿಯರ್ಸ್’ ವೈದ್ಯರು ಮೊದಲ ಬಾರಿಗೆ ನೆದರ್ಲೆಂಡ್ಸ್‌ನಲ್ಲೇ ಶಿಬಿರ ಹಾಕಬೇಕಾಯಿತು. ಶ್ರೀಮಂತ ದೇಶವೊಂದಕ್ಕೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಬೇಕಿಲ್ಲ.

ಟಿವಿಯಲ್ಲಿ ಆ ದೃಶ್ಯ ನೋಡಿದವರಲ್ಲಿ ಒಬ್ಬರಿಗೆ ‘ಇವರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಅನ್ನಿಸಿದರೆ ಇನ್ನೊಬ್ಬರಿಗೆ ‘ಇಷ್ಟೊಂದು ಜನ ಬಂದರೇ’ ಅನ್ನಿಸಿತು. ಮನೆಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಡಚ್ ಯುವಕನಿಗೆ ಎರಡನೆಯದು ಅನ್ನಿಸುವುದು ಸಹಜವೇ. ಮನೆ ಕಟ್ಟದೇ ಹೋದ ಹತ್ತು ಹದಿನೈದು ವರ್ಷಗಳ ಲೆಕ್ಕವನ್ನು ಚುನಾವಣಾ ಭಾಷಣದಲ್ಲಿ ಹೇಳುವುದು ಕಷ್ಟ, ಗಡಿಯತ್ತ ಬೆರಳು ತೋರಿಸುವುದು ಸುಲಭ. 2010ರಿಂದ 2024ರವರೆಗೆ ಪ್ರಧಾನಿ ಕುರ್ಚಿಯಲ್ಲಿದ್ದದ್ದು ರುಟ್ಟೆ. ಹಾಗಾಗಿ ಮನೆಯ ಕೊರತೆಯ ಲೆಕ್ಕ ಕೇಳಿದರೆ ಮೊದಲು ಉತ್ತರ ಕೊಡಬೇಕಾದದ್ದು ವಿವಿಡಿಯೇ.

2022ರ ಕೊನೆಗೆ ಸರ್ಕಾರ ಒಂದು ತಾತ್ಕಾಲಿಕ ಉಪಾಯ ಮಾಡಿತು: ಮನೆ ಸಿಗುವವರೆಗೆ ಕುಟುಂಬದವರಿಗೆ ವೀಸಾ ತಡಮಾಡುವುದು. ಅದು ಕಾನೂನಿಗೆ ಹೊಂದುವುದಿಲ್ಲ ಎಂದು 2023ರ ಫೆಬ್ರುವರಿಯಲ್ಲಿ ದೇಶದ ಅತ್ಯುನ್ನತ ಆಡಳಿತ ನ್ಯಾಯಪೀಠ ಹೊಡೆದುಹಾಕಿತು. ಇದ್ದ ಕಾಯ್ದೆಯೊಳಗೆ ಕುಟುಂಬಗಳನ್ನು ತಡೆಯಲು ಆಗುವುದಿಲ್ಲ ಎಂದು ಖಚಿತವಾದ ಮೇಲೆ ಉಳಿದದ್ದು ಒಂದೇ ದಾರಿ, ಕಾಯ್ದೆಯನ್ನೇ ಬದಲಿಸುವುದು. ಅದೇ ವರ್ಷ ಜುಲೈ 7ರಂದು ರುಟ್ಟೆ ಸರ್ಕಾರ ಬೀಳಲು ಕಾರಣವಾದದ್ದು ಇದೇ ಮಾತುಕತೆ. ತಂದೆ ತಾಯಿಯಿಂದ ಮಕ್ಕಳನ್ನು ದೂರವಿಡುವ ನಿಯಮಕ್ಕೆ ಕೈ ಎತ್ತಲಾರೆವು ಎಂದು ಮೈತ್ರಿಕೂಟದ ಕ್ರಿಸ್ಟನ್‌ಯೂನಿ ಎಂಬ ಸಣ್ಣ ಕ್ರೈಸ್ತ ಪಕ್ಷ ಪಟ್ಟು ಹಿಡಿಯಿತು. ಡಿ-66 ಕೂಡ ಒಪ್ಪಲಿಲ್ಲ.

‘ಎ’ ದರ್ಜೆ, ‘ಬಿ’ ದರ್ಜೆ

ಈಗ ಕಾಯ್ದೆಯ ಒಳಗೆ ಹೋಗೋಣ. ವಿವಾದದ ತಿರುಳು ಇರುವುದು ಇಲ್ಲಿ.

ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಆಶ್ರಯ ಪಡೆಯುವವರಲ್ಲಿ ಎರಡು ಬಗೆ. ಧರ್ಮ, ಜನಾಂಗ, ರಾಜಕೀಯ ನಿಲುವು ಇಂಥ ಕಾರಣಕ್ಕೆ ವೈಯಕ್ತಿಕವಾಗಿ ಬೆನ್ನಟ್ಟಲ್ಪಟ್ಟವರು ಒಂದು. 1951ರ ಜಿನೀವಾ ಒಪ್ಪಂದ ‘ನಿರಾಶ್ರಿತ’ ಎನ್ನುವುದು ಇವರನ್ನು. ಎರಡನೆಯವರು ಯುದ್ಧದಿಂದ ಓಡಿಬಂದವರು. ಇವರ ಹೆಸರು ಹಿಡಿದು ಯಾರೂ ಹುಡುಕುತ್ತಿಲ್ಲ, ಆದರೆ ಊರಿಗೆ ಮರಳಿದರೆ ಜೀವಕ್ಕೆ ಅಪಾಯ. ಯುರೋಪ್ ಒಕ್ಕೂಟದ 2003ರ ಕುಟುಂಬ ಸೇರ್ಪಡೆ ನಿರ್ದೇಶನ ಮೊದಲನೆಯವರಿಗೆ ಗಟ್ಟಿ ರಕ್ಷಣೆ ಕೊಡುತ್ತದೆ. ಎರಡನೆಯವರು ಅದರ ವ್ಯಾಪ್ತಿಯಲ್ಲಿಲ್ಲ.

ನೆದರ್ಲೆಂಡ್ಸ್ 2001ರಿಂದ ಇಬ್ಬರನ್ನೂ ಒಂದೇ ದರ್ಜೆಯಲ್ಲಿ ಇಟ್ಟಿತ್ತು. ಅದಕ್ಕೆ ಕರುಣೆಗಿಂತ ಹೆಚ್ಚಾಗಿ ವ್ಯಾವಹಾರಿಕ ಕಾರಣವಿತ್ತು. ಅದಕ್ಕೂ ಮೊದಲು ಬೇರೆ ಬೇರೆ ದರ್ಜೆಗಳಿದ್ದಾಗ ಕೆಳದರ್ಜೆ ಸಿಕ್ಕವರೆಲ್ಲ ಮೇಲ್ದರ್ಜೆಗಾಗಿ ಕೋರ್ಟಿಗೆ ಹೋಗುತ್ತಿದ್ದರು, ಪ್ರಕರಣಗಳು ರಾಶಿ ಬೀಳುತ್ತಿದ್ದವು. ಒಂದೇ ದರ್ಜೆ, ಒಂದೇ ಹಕ್ಕು ಎಂದ ಮೇಲೆ ಆ ಜಗಳ ನಿಂತಿತು.

ಈಗ ಅದನ್ನು ಮತ್ತೆ ಎರಡು ಮಾಡುವ ಮಸೂದೆಗೆ 2025ರ ಜುಲೈ 3ರಂದು ಕೆಳಮನೆ ಒಪ್ಪಿಗೆ ಕೊಟ್ಟಿತು. ವಿವಿಡಿ ಪರವಾಗಿ ನಿಂತಿತ್ತು. ‘ಎ’ ದರ್ಜೆ ವೈಯಕ್ತಿಕ ಕಿರುಕುಳಕ್ಕೆ ಒಳಗಾದವರಿಗೆ, ‘ಬಿ’ ದರ್ಜೆ ಯುದ್ಧದಿಂದ ಬಂದವರಿಗೆ. ಬಿ ದರ್ಜೆಯವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕೆಂದರೆ ಎರಡು ವರ್ಷ ಕಾಯಬೇಕು, ಸ್ವಂತ ವರಮಾನ ಇರಬೇಕು, ಇರಲು ಮನೆ ಇರಬೇಕು. ಎರಡು ವರ್ಷ ಎಂಬ ಗಡುವಿಗೂ ಹಿನ್ನೆಲೆಯಿದೆ. ಡೆನ್ಮಾರ್ಕ್ ಮೂರು ವರ್ಷ ಕಾಯಿಸುತ್ತಿದ್ದುದು ಕುಟುಂಬ ಜೀವನದ ಹಕ್ಕಿಗೆ ಧಕ್ಕೆ ಎಂದು 2021ರ ಜುಲೈನಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಸಿರಿಯಾದ ವೈದ್ಯರೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಗೆರೆಯೊಳಗೆ ಉಳಿಯಲು ನೋಡುವ ಲೆಕ್ಕಾಚಾರ ಇದು.

ಈ ಅಳತೆಗೋಲನ್ನು 1984ರ ಯೆಶಿಲ್ಗೋಜ್ ಕುಟುಂಬಕ್ಕೆ ಹಿಡಿದು ನೋಡಿದರೆ ಏನಾಗುತ್ತದೆ? ತಂದೆಯನ್ನು ಸೇನಾ ಆಡಳಿತ ಆತನ ರಾಜಕೀಯಕ್ಕಾಗಿಯೇ ಬೆನ್ನಟ್ಟಿತ್ತು. ಆತ ‘ಎ’ ದರ್ಜೆಗೆ ಬರುತ್ತಾನೆ. ತಾಯಿ ಮತ್ತು ಅಪ್ರಾಪ್ತ ಮಕ್ಕಳಿಗೆ ಎರಡು ವರ್ಷದ ತಡೆಯಿಲ್ಲ. ಆದ್ದರಿಂದ ‘ತನ್ನದೇ ಕಾಯ್ದೆಯ ಕೆಳಗೆ ಅವರೇ ದೇಶದೊಳಗೆ ಬರುತ್ತಿರಲಿಲ್ಲ’ ಎಂದು ಸಾಮಾಜಿಕ ಜಾಲತಾಣದಲ್ಲಿ ಓಡಾಡುವ ಮಾತು ಸರಿಯಲ್ಲ. ನಿಜವಾದ ನಿರಾಶ್ರಿತರಿಗೆ ಜಾಗ ಉಳಿಯಬೇಕಾದರೆ ಉಳಿದವರಿಗೆ ಮಿತಿ ಹಾಕಲೇಬೇಕು ಎಂಬ ಯೆಶಿಲ್ಗೋಜ್ ಅವರ ವಾದದಲ್ಲಿ ಈ ಮಟ್ಟಿಗೆ ಒಂದು ಸುಸಂಗತಿ ಇದೆ. ಅವರನ್ನು ಸುಮ್ಮನೆ ದ್ರೋಹಿ ಎನ್ನುವವರು ಇದನ್ನು ಎದುರಿಸಬೇಕು.

ಆದರೆ ಅಲ್ಲಿಗೆ ಮುಗಿಯುವುದಿಲ್ಲ. 1990ರ ದಶಕದಲ್ಲಿ ಟರ್ಕಿಯ ಆಗ್ನೇಯ ಭಾಗದಲ್ಲಿ ಸೇನೆ ಮತ್ತು ಕುರ್ದಿಶ್ ಬಂಡುಕೋರರ ನಡುವಿನ ಕಾಳಗದಲ್ಲಿ ಸಾವಿರಾರು ಹಳ್ಳಿಗಳು ಬರಿದಾದವು. ಅಂಥ ಒಂದು ಹಳ್ಳಿಯ ರೈತನನ್ನು ಕಲ್ಪಿಸಿಕೊಳ್ಳಿ. ಅವನು ಯಾವ ಸಂಘಕ್ಕೂ ಸೇರಿದವನಲ್ಲ, ಅವನ ಹೆಸರಲ್ಲಿ ವಾರಂಟ್ ಇಲ್ಲ, ಮನೆ ಮಾತ್ರ ಸುಟ್ಟುಹೋಗಿದೆ. ಹೊಸ ಕಾಯ್ದೆಯಲ್ಲಿ ಅವನು ‘ಬಿ’. ಅವನ ಏಳು ವರ್ಷದ ಮಗಳು ಕನಿಷ್ಠ ಎರಡು ವರ್ಷ ಕಾಯಬೇಕು. ಅಪ್ಪನಿಗೆ ಭಾಷೆ ಬರದೆ ಕೆಲಸ ಸಿಗದಿದ್ದರೆ, ಮನೆಯ ಪಾಳಿ ಬರದಿದ್ದರೆ, ಇನ್ನೂ ಹೆಚ್ಚು. ಈ ಮಗು ಮತ್ತು 1984ರಲ್ಲಿ ಕೊಸ್ ದ್ವೀಪಕ್ಕೆ ದಾಟಿದ ಮಗುವಿನ ಅಗತ್ಯದಲ್ಲಿ, ಭಯದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸವಿರುವುದು ಅಪ್ಪನ ಕಡತದಲ್ಲಿ. ಈ ಮಸೂದೆಯ ದೊಡ್ಡ ದೋಷ ಇದೇ: ಅಪ್ಪ ಯಾಕೆ ಓಡಿಬಂದ ಎಂಬ ಪ್ರಶ್ನೆಯ ಉತ್ತರದ ಮೇಲೆ ಮಗುವಿನ ಬಾಲ್ಯದ ಅಳತೆ ನಿಗದಿಯಾಗುತ್ತದೆ. ತಮ್ಮ ಬದುಕನ್ನೇ ವಾದವಾಗಿ ಮುಂದಿಡುವ ನಾಯಕಿ ಈ ಪ್ರಶ್ನೆಗೆ ಉತ್ತರ ಕೊಡಬೇಕೆಂದು ಕೇಳುವುದು ನ್ಯಾಯವೇ.

ಸಾವಿರಾರು ಎಂದದ್ದು

ಬಿಗಿ ನೀತಿಯ ಪರ ಪ್ರಾಮಾಣಿಕ ವಾದ ಇರಬಹುದು, ಆದರೆ ವಾದಕ್ಕೆ ಬಳಸುವ ಅಂಕಿ ಸರಿಯಿರಬೇಕು. 2023ರಲ್ಲಿ ಸರ್ಕಾರ ಬಿದ್ದ ಹೊತ್ತಿನಲ್ಲಿ ಯೆಶಿಲ್ಗೋಜ್ ‘ಸರಣಿ ಸೇರ್ಪಡೆ’ಯ ಮಾತು ಎತ್ತಿದರು. ಅಂದರೆ ಮಗ ಅಪ್ಪನನ್ನು ಕರೆಸುತ್ತಾನೆ, ಅಪ್ಪ ಇನ್ನಾರನ್ನೋ ಕರೆಸುತ್ತಾನೆ, ಹೀಗೆ ಸಾವಿರಾರು ಜನ ಬರುತ್ತಾರೆ ಎಂಬ ಚಿತ್ರ. ಆಗ ಅವರು ಆಶ್ರಯ ಇಲಾಖೆಯೂ ಸೇರಿದ್ದ ನ್ಯಾಯ ಸಚಿವಾಲಯದ ಮುಖ್ಯಸ್ಥೆಯೇ ಆಗಿದ್ದರು. ವಲಸೆ ಇಲಾಖೆಯ ಸ್ವಂತ ಲೆಕ್ಕ ಹೊರಬಂದಾಗ ಇಂಥ ಪ್ರಕರಣಗಳು ಸಾವಿರದ ಹತ್ತಿರಕ್ಕೂ ಬರಲಿಲ್ಲ. ಸಂಸತ್ತಿನಲ್ಲಿ ಅವರು ಇದಕ್ಕೆ ಕಟು ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಇದು ಸಣ್ಣ ವಿಷಯವಲ್ಲ. ಸಾಮಾನ್ಯ ರಾಜಕಾರಣಿಯ ಬಾಯಲ್ಲಿ ಬಂದಿದ್ದರೆ ಕೇಳುಗರು ಅನುಮಾನದಿಂದ ನೋಡುತ್ತಿದ್ದರು. ನಿರಾಶ್ರಿತ ಕುಟುಂಬದವರೇ ಹೇಳುತ್ತಿದ್ದಾರೆ ಎಂದಾಗ ಆ ಮಾತಿಗೆ ಬೇರೆಯೇ ತೂಕ ಬರುತ್ತದೆ. ಆ ತೂಕವನ್ನು ತಪ್ಪು ಅಂಕಿಯ ಜತೆ ಇಟ್ಟದ್ದು ಅವರ ವೃತ್ತಿಜೀವನದ ದೊಡ್ಡ ಕಪ್ಪುಚುಕ್ಕೆ.

ವಿಲ್ಡರ್ಸ್‌ಗೆ ತೆರೆದ ಬಾಗಿಲು

ಡಚ್ ಕೆಳಮನೆಗೆ 150 ಸ್ಥಾನ. ಇಡೀ ದೇಶವೇ ಒಂದು ಕ್ಷೇತ್ರ, ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ. ಯಾವ ಪಕ್ಷಕ್ಕೂ ಬಹುಮತ ಬರುವುದಿಲ್ಲ, ಹಾಗಾಗಿ ಯಾರು ಯಾರ ಜತೆ ಕೂರುತ್ತಾರೆ ಎಂಬುದೇ ಮತದಾರನ ಮುಖ್ಯ ಪ್ರಶ್ನೆ. ಇಸ್ಲಾಂ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಖೀರ್ಟ್ ವಿಲ್ಡರ್ಸ್ ಅವರ ಪಿವಿವಿ ಪಕ್ಷ 2012ರಲ್ಲಿ ರುಟ್ಟೆ ಅವರ ಮೊದಲ ಸರ್ಕಾರಕ್ಕೆ ಕೈಕೊಟ್ಟಿತ್ತು. ಆಮೇಲೆ ರುಟ್ಟೆ, ವಿಲ್ಡರ್ಸ್ ಅವರನ್ನು ದೂರವೇ ಇಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ಯೆಶಿಲ್ಗೋಜ್ ಬಂದು, ಯಾವ ಪಕ್ಷವನ್ನೂ ಮೊದಲೇ ಹೊರಗಿಡುವುದಿಲ್ಲ ಎಂದುಬಿಟ್ಟರು.

ಪರಿಣಾಮ ಬೇಗ ಕಂಡಿತು. ಅಲ್ಲಿಯವರೆಗೆ ವಿಲ್ಡರ್ಸ್‌ಗೆ ಹಾಕಿದ ಮತ ದಂಡ ಎಂದುಕೊಂಡಿದ್ದವರಿಗೆ ಈಗ ಅದು ಅಧಿಕಾರಕ್ಕೆ ದಾರಿಯಾಗಿ ಕಂಡಿತು. ಚುನಾವಣೆಯ ವಿಷಯವೂ ವಲಸೆಯೇ ಆಗಿತ್ತು. ನಕಲಿಗಿಂತ ಅಸಲಿಯೇ ಇರಲಿ ಎಂದು ಮತದಾರ ತೀರ್ಮಾನಿಸಿದ. ನವೆಂಬರ್ 22ರಂದು ಪಿವಿವಿ 37 ಸ್ಥಾನ ಗೆದ್ದಿತು, ವಿವಿಡಿ 34ರಿಂದ 24ಕ್ಕೆ ಕುಸಿಯಿತು. ನಾಲ್ಕು ಪಕ್ಷಗಳ ಸರ್ಕಾರ 2024ರ ಜುಲೈನಲ್ಲಿ ಬಂತು, 2025ರ ಜೂನ್ 3ರಂದು ಆಶ್ರಯ ನೀತಿ ಸಾಕಷ್ಟು ಬಿಗಿಯಾಗಿಲ್ಲವೆಂದು ವಿಲ್ಡರ್ಸ್ ಅದನ್ನೂ ಬೀಳಿಸಿದರು.

ಈ ನಡುವೆ ಯೆಶಿಲ್ಗೋಜ್ ತಮ್ಮ ಪಕ್ಷದೊಳಗೇ ಸೋತ ಒಂದು ಸಂದರ್ಭ ಇದೆ. ಆಶ್ರಯ ಕೇಂದ್ರಗಳ ಹೊರೆಯನ್ನು ಎಲ್ಲ ಊರುಗಳೂ ಹಂಚಿಕೊಳ್ಳಬೇಕೆಂಬ ಕಾಯ್ದೆಯನ್ನು ಬರೆದವರು ಅವರದೇ ಪಕ್ಷದ ಫನ್ ಡೆರ್ ಬುರ್ಗ್. ನಾಯಕಿ ಅದನ್ನು ವಿರೋಧಿಸಿದರು. 2024ರ ಜನವರಿಯಲ್ಲಿ ಮೇಲ್ಮನೆಯ ವಿವಿಡಿ ಸದಸ್ಯರು ನಾಯಕಿಯ ಮಾತು ಮೀರಿ ಕಾಯ್ದೆಯ ಪರ ಮತ ಹಾಕಿದರು. ಟೆರ್ ಆಪೆಲ್‌ನಂಥ ಒಂದೇ ಊರು ಎಲ್ಲವನ್ನೂ ಹೊರಬೇಕೆನ್ನುವುದು ಆಡಳಿತ ಗೊತ್ತಿದ್ದ ಬಲಪಂಥೀಯರಿಗೂ ಒಪ್ಪಿಗೆಯಾಗಿರಲಿಲ್ಲ.

2025ರ ಅಕ್ಟೋಬರ್ 29ರ ಚುನಾವಣೆಯ ಹೊತ್ತಿಗೆ ಅವರು ಪಾಠ ಕಲಿತಿದ್ದರು. ವಿಲ್ಡರ್ಸ್ ಜತೆ ಮತ್ತೆ ಕೂರುವುದಿಲ್ಲ ಎಂದರು. ಎಡಪಕ್ಷಗಳ ಕೂಟವನ್ನೂ ದೂರವಿಟ್ಟರು. ಸಮೀಕ್ಷೆಗಳು ನೆಲಕಚ್ಚುತ್ತಾರೆ ಎಂದಿದ್ದ ಕಡೆ 22 ಸ್ಥಾನ ಉಳಿಸಿಕೊಂಡರು. ಡಿ-66 ಮತ್ತು ಪಿವಿವಿ ತಲಾ 26 ಗಳಿಸಿದವು. ಕೊನೆಗೆ ಡಿ-66, ಕ್ರೈಸ್ತ ಪ್ರಜಾಪ್ರಭುತ್ವವಾದಿ ಪಕ್ಷ ಸಿಡಿಎ, ವಿವಿಡಿ ಸೇರಿ 66 ಸ್ಥಾನಗಳ ಅಲ್ಪಮತದ ಯೆಟನ್ ಸರ್ಕಾರ ರಚಿಸಿದವು.

ಮುಂದೆ ಏನಾಗಬಹುದು

ಅಲ್ಪಮತದ ಸರ್ಕಾರ ಪ್ರತಿ ಮಸೂದೆಗೂ ಹೊರಗಿನ ಬೆಂಬಲ ಹುಡುಕಬೇಕು. 75 ಸದಸ್ಯರ ಮೇಲ್ಮನೆಯಲ್ಲಂತೂ ಮೂರೂ ಪಕ್ಷ ಸೇರಿದರೂ ಮೂರನೇ ಒಂದು ಪಾಲು ಇಲ್ಲ. ಆಶ್ರಯದ ವಿಷಯದಲ್ಲಿ ಬಲಕ್ಕೆ ಹೊರಳಿದರೆ ಡಿ-66ಗೆ ಕಷ್ಟ, ಎಡಕ್ಕೆ ಹೊರಳಿದರೆ ವಿವಿಡಿಗೆ ಕಷ್ಟ. 2023ರಲ್ಲಿ ಇದೇ ಪ್ರಶ್ನೆಯಲ್ಲಿ ಬೇರೆಯಾದ ಎರಡು ಪಕ್ಷಗಳು ಈಗ ಮತ್ತೆ ಒಂದೇ ಸಂಪುಟದಲ್ಲಿವೆ.

ಕಾಯ್ದೆಯ ವಿವರಗಳೂ ಮೈತ್ರಿಗೆ ತೊಡಕಾಗಬಲ್ಲವು. 2025ರಲ್ಲಿ ಇದರ ಜೊತೆಗೇ ಬಂದ ಇನ್ನೊಂದು ಆಶ್ರಯ ಮಸೂದೆಗೆ ಪಿವಿವಿ ತಂದ ತಿದ್ದುಪಡಿಯೊಂದು, ಪರವಾನಗಿಯಿಲ್ಲದೆ ದೇಶದಲ್ಲಿ ಉಳಿಯುವುದನ್ನೇ ಅಪರಾಧವೆಂದಿತು. ಹಾಗಾದರೆ ಅಂಥವರಿಗೆ ಒಂದು ಬಟ್ಟಲು ಸೂಪ್ ಕೊಟ್ಟ ಚರ್ಚಿನವರೂ ಅಪರಾಧಿಗಳೇ ಎಂಬ ಪ್ರಶ್ನೆ ಎದ್ದು ಸಿಡಿಎ ಹಿಂದೆ ಸರಿಯಿತು. ಅದೇ ಸಿಡಿಎ ಈಗ ಸರ್ಕಾರದ ಪಾಲುದಾರ.

ಎರಡು ದರ್ಜೆಯ ಪದ್ಧತಿ ಬಂದರೆ 2001ಕ್ಕೆ ಮುಂಚಿನ ಸಮಸ್ಯೆ ಮರಳುವುದು ಬಹುತೇಕ ಖಚಿತ. ‘ಬಿ’ ಸಿಕ್ಕವರು ‘ಎ’ಗಾಗಿ ಕೋರ್ಟಿಗೆ ಹೋಗುತ್ತಾರೆ. ಈಗಲೇ ಅರ್ಜಿಗಳ ರಾಶಿಯಲ್ಲಿ ಮುಳುಗಿರುವ ವಲಸೆ ಇಲಾಖೆಯ ಕೆಲಸ ಹೆಚ್ಚುತ್ತದೆ, ತೀರ್ಮಾನ ತಡವಾಗುತ್ತದೆ, ತಡವಾದಷ್ಟೂ ಜನ ಆಶ್ರಯ ಕೇಂದ್ರದಲ್ಲೇ ಉಳಿಯುತ್ತಾರೆ. ಅಂದರೆ ಟೆರ್ ಆಪೆಲ್ ನೂಕುನುಗ್ಗಲು ಕಡಿಮೆ ಮಾಡಲು ಹೊರಟ ಕಾಯ್ದೆ ಅದನ್ನೇ ಹೆಚ್ಚಿಸುವ ಸಾಧ್ಯತೆ ಇದೆ. 2026ರ ಜೂನ್ 12ರಿಂದ ಜಾರಿಗೆ ಬರುವ ಯುರೋಪ್ ಒಕ್ಕೂಟದ ಹೊಸ ವಲಸೆ ಒಪ್ಪಂದ ಅರ್ಜಿಗಳಿಗೆ ಬಿಗಿ ಗಡುವು ಹಾಕುವುದರಿಂದ ಒತ್ತಡ ಎರಡೂ ಕಡೆಯಿಂದ ಬರುತ್ತದೆ.

ಐಂಡ್‌ಹೋವನ್ ಮತ್ತು ಫೆಲ್ಡ್‌ಹೋವನ್ ಸುತ್ತಮುತ್ತ ಚಿಪ್ ಯಂತ್ರದ ಉದ್ಯಮದಲ್ಲಿ ದುಡಿಯುವ ಕನ್ನಡಿಗರಿಗೂ ಈ ಚರ್ಚೆ ದೂರದ್ದಲ್ಲ. ಆಶ್ರಯ ಕಾಯ್ದೆ ಅವರಿಗೆ ನೇರವಾಗಿ ತಟ್ಟುವುದಿಲ್ಲ. ಪರಿಣತ ಉದ್ಯೋಗಿಯ ವೀಸಾದಲ್ಲಿ ಬೆಂಗಳೂರಿನಿಂದ ಹೋದವರ ಹೆಂಡತಿ ಅಥವಾ ಗಂಡ ಜತೆಯಲ್ಲೇ ಹೋಗಬಹುದು, ಕೆಲಸವನ್ನೂ ಮಾಡಬಹುದು. ಆದರೆ ಮನೆಯ ಬಾಡಿಗೆಗೆ ಅವರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ವಲಸೆಯ ಮೇಲಿನ ಸಿಟ್ಟು ಈಗಾಗಲೇ ಪರಿಣತ ಉದ್ಯೋಗಿಗಳ ತೆರಿಗೆ ರಿಯಾಯಿತಿಯತ್ತ ಹರಿದಿದೆ. 30% ಇದ್ದದ್ದು 2027ರಿಂದ 27% ಆಗಲಿದೆ.

ಯೆಶಿಲ್ಗೋಜ್ ಈಗ ಸೇನೆಯ ಖಾತೆಯಲ್ಲಿದ್ದಾರೆ, ಆಶ್ರಯದ ಕಡತ ಇನ್ನೊಬ್ಬರ ಮೇಜಿನ ಮೇಲಿದೆ. ಆದರೆ ಪಕ್ಷದ ನಾಯಕಿಯಾಗಿ ಆ ಕಡತದ ಮೇಲೆ ಅವರ ಮಾತು ನಡೆಯುತ್ತದೆ. ‘ಬಿ’ ದರ್ಜೆಯ ಮಕ್ಕಳಿಗೆ ಕಾಯುವ ಅವಧಿಯಿಂದ ವಿನಾಯಿತಿ ಕೊಡುವ ಒಂದು ತಿದ್ದುಪಡಿಗೆ ವಿವಿಡಿ ಒಪ್ಪಿದರೆ ಮಸೂದೆಯ ಉಳಿದ ಚೌಕಟ್ಟು ಹಾಗೇ ನಿಲ್ಲುತ್ತದೆ, ಡಿ-66 ಮತ್ತು ಸಿಡಿಎಯ ತಕರಾರಿನ ಮೊನಚೂ ಕಡಿಮೆಯಾಗುತ್ತದೆ. ಅಂಥ ತಿದ್ದುಪಡಿಯನ್ನು ತಮ್ಮ ಮತದಾರರ ಮುಂದೆ ಸಮರ್ಥಿಸಿಕೊಳ್ಳುವ ನೈತಿಕ ಬಲ ಆ ಸಂಪುಟದಲ್ಲಿ ಅವರಿಗಿಂತ ಹೆಚ್ಚು ಇನ್ನಾರಿಗೂ ಇಲ್ಲ.